ಯಮಹಾ ಆರ್‌ಎಕ್ಸ್-ವಿ385 ಮತ್ತು ಒಂದು ಒಳ್ಳೆಯ ಸೆಂಟರ್ ಸ್ಪೀಕರ್: ಅಮ್ಮನಿಗೆ ಈಗ ಮಾತು ಕೇಳಿಸುತ್ತದೆ

ಈ ರಿಸೀವರ್ (ಟಿವಿಯ ಸದ್ದನ್ನು ತೆಗೆದುಕೊಂಡು ಸ್ಪೀಕರುಗಳಿಗೆ ಹಂಚುವ ಆಂಪ್) ಮತ್ತು ಸೆಂಟರ್ ಸ್ಪೀಕರ್ (ನಡುವೆ ಇಟ್ಟು ಮಾತು ಕೇಳಿಸುವ ಸ್ಪೀಕರ್) ಆರು ತಿಂಗಳು ಬಳಸಿ ನೋಡಿ ಬರೆಯುತ್ತಿದ್ದೇನೆ. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಕಾವಿ ನೆಲ. ಟಿವಿ ಇರುವುದು ಚಾವಡಿಯಲ್ಲಿ. ಟಿವಿಯಿಂದ ನಾವು ಕೂರುವ ಜಾಗಕ್ಕೆ ಮೂರು ಮೀಟರ್ ಆಗುತ್ತದೆ. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ ಈ ಮೂರು ಮೀಟರ್ ಮುಂದೆ ಲೆಕ್ಕಕ್ಕೆ ಬರುತ್ತದೆ.

ಅಮ್ಮನಿಗೆ ಎಪ್ಪತ್ತಾರು ವರ್ಷ. ಕಿವಿ ಸ್ವಲ್ಪ ಮಂದ, ಆದರೆ ಎದುರು ಕೂತು ಮಾತಾಡಿದರೆ ಎಲ್ಲಾ ಗೊತ್ತಾಗುತ್ತದೆ. ಟಿವಿ ಮುಂದೆ ಮಾತ್ರ ಎರಡು ನಿಮಿಷಕ್ಕೊಮ್ಮೆ "ಅವ ಎಂತ ಹೇಳಿದ್ದು?" ಅಂತ ಕೇಳುತ್ತಿದ್ದರು. ಸೌಂಡ್ ಜಾಸ್ತಿ ಮಾಡಿದರೆ ಒಂದು ಹೊಡೆದಾಟ ಬಂದು "ಸಾಕು ಸಾಕು, ಕಮ್ಮಿ ಮಾಡು" ಅನ್ನುತ್ತಿದ್ದರು. ಕಮ್ಮಿ ಮಾಡಿದರೆ ಮತ್ತೆ ಮಾತು ಹೋಯಿತು. ಅಮ್ಮನದು ಮಾತ್ರ ಅಲ್ಲ, ಮಲಯಾಳ ನನಗೆ ಕನ್ನಡದಷ್ಟೇ ಸಲೀಸು, ಆದರೂ ಮಲಯಾಳ ಸಿನಿಮಾ ನೋಡುವಾಗ ನಾನೂ ಸಬ್‌ಟೈಟಲ್ ಹಾಕಿಕೊಳ್ಳುತ್ತಿದ್ದೆ. ಬರುವ ಭಾಷೆಗೆ ಸಬ್‌ಟೈಟಲ್ ಬೇಕಾಯಿತು ಅಂದರೆ ತಪ್ಪು ಭಾಷೆಯದ್ದಲ್ಲ, ಸ್ಪೀಕರಿನದ್ದು ಅಲ್ವಾ?

ಆಗ ಇದ್ದದ್ದು ಒಂದೇ ಪೆಟ್ಟಿಗೆಯಲ್ಲಿ ಎಲ್ಲಾ ಬರುವ 5.1 ಸೆಟ್, ಅಂದರೆ ಐದು ಸ್ಪೀಕರ್ ಮತ್ತು ಬಾಸ್‌ಗೆ (ತಗ್ಗು ಸದ್ದಿಗೆ) ಒಂದು ಸಬ್‌ವೂಫರ್. ಕಂಪನಿ ಹೆಸರು ಬೇಡ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 1000 ವ್ಯಾಟ್ ಅಂತ ಇತ್ತು. ಪೇಟೆಯ ಒಂದು ಅಂಗಡಿಯವರು "ವ್ಯಾಟ್ ಸಾಲದು, ದೊಡ್ಡ ಆಂಪ್ ಹಾಕಿ" ಅಂದರು. ನಾನು ಒಂದು ದೊಡ್ಡ ಆಂಪ್ (ಆಂಪ್ಲಿಫೈಯರ್) ತಂದು ಅದೇ ಸ್ಪೀಕರಿಗೆ ಕೊಟ್ಟೆ. ಸೌಂಡ್ ಹೆಚ್ಚಾಯಿತು, ಮಾತು ಹಾಗೇ ಉಳಿಯಿತು, ಒಂದು ತಿಂಗಳಲ್ಲಿ ಎಡಗಡೆಯ ಸ್ಪೀಕರ್ ಸತ್ತೇ ಹೋಯಿತು.

ಅದಾದ ಮೇಲೆ ಹಳೆ ಸೆಟ್ಟನ್ನು ತಿರುಗಿಸಿ ಹಿಂದೆ ಅಂಟಿಸಿದ ಚೀಟಿ ಓದಿದೆ. ಧೂಳು ಒರೆಸಿದಾಗ ಸಣ್ಣ ಅಕ್ಷರದಲ್ಲಿ ಕಂಡಿತು: ಪವರ್ ಕನ್ಸಂಪ್ಶನ್ 85 ವ್ಯಾಟ್. ಗೋಡೆಯ ಪ್ಲಗ್ಗಿನಿಂದ 85 ವ್ಯಾಟ್ ಎಳೆಯುವ ಯಂತ್ರ ಸ್ಪೀಕರಿಗೆ 1000 ವ್ಯಾಟ್ ಎಲ್ಲಿಂದ ಕೊಡುತ್ತದೆ? ಆ ಸಾವಿರ ಪಿಎಂಪಿಒ ಲೆಕ್ಕ, ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಪವರ್) ಅಲ್ಲ. ಒಂದು ಚಣಕ್ಕೆ ಹಾರಬಹುದಾದ ಅಂಕಿಯನ್ನು ಎಲ್ಲಾ ಚಾನೆಲ್‌ಗೆ (ಒಂದೊಂದು ಸ್ಪೀಕರಿಗೆ ಹೋಗುವ ಸದ್ದಿನ ದಾರಿಗೆ) ಕೂಡಿಸಿ ಬರೆದದ್ದು. ನೀವೂ ನಿಮ್ಮ ಮನೆಯ ಸೆಟ್ಟಿನ ಹಿಂದೆ ಒಮ್ಮೆ ನೋಡಿ.

ಹಾಗೆ ಕೂತು ಓದಿ, ಲೆಕ್ಕ ಹಾಕಿ, ಕೊನೆಗೆ ಎರಡು ವಸ್ತು ತಂದೆ. ಒಂದು ಯಮಹಾ ಆರ್‌ಎಕ್ಸ್-ವಿ385 ರಿಸೀವರ್. ಇನ್ನೊಂದು 90 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಸೆನ್ಸಿಟಿವಿಟಿಯ, 8 ಓಮ್‌ನ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸೆಂಟರ್ ಸ್ಪೀಕರ್, ಜೊತೆಗೆ ಅದೇ ಸೀರೀಸಿನ ಎಡ ಬಲದ ಜೋಡಿ. ಸ್ಪೀಕರಿನ ಬ್ರಾಂಡ್ ಯಾವುದೇ ಇರಲಿ, ಸೆನ್ಸಿಟಿವಿಟಿ ಬರೆದ ಸಾಲನ್ನು ಓದದೆ ದುಡ್ಡು ಕೊಡಬೇಡಿ. ವ್ಯಾಟ್ ಅಂಕಿಯನ್ನು ಎಲ್ಲರೂ ಕೇಳುತ್ತಾರೆ, ಇದನ್ನು ಕೇಳುವವರು ಕಮ್ಮಿ, ಮಾತಿನ ಸ್ಪಷ್ಟತೆಗೆ ಬೇಕಾದ ಲೆಕ್ಕ ಶುರುವಾಗುವುದು ಇಲ್ಲಿಂದ.

ಸೆನ್ಸಿಟಿವಿಟಿ ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಅಂತ. ನನ್ನ ಸೆಂಟರ್‌ನದು 90 ಡಿಬಿ. ಬಯಲಲ್ಲಾದರೆ ಮೂರು ಮೀಟರ್‌ಗೆ ಬರುವಾಗ ಒಂಬತ್ತೂವರೆ ಡಿಬಿ ಕಮ್ಮಿಯಾಗುತ್ತದೆ. ಕೋಣೆಯ ಗೋಡೆಗಳು ಸ್ವಲ್ಪ ವಾಪಸ್ ಕೊಡುತ್ತವೆ, ಸುಮಾರು 81 ಅಂತ ಇಟ್ಟುಕೊಳ್ಳಿ. ಮಾತು 75 ಡಿಬಿಯಲ್ಲಿ ಕೇಳಿದರೆ ಮನೆಗೆ ಧಾರಾಳ. ಒಂದು ವ್ಯಾಟ್‌ಗೆ 81 ಬರುವಾಗ ಆರು ಡಿಬಿ ಕಮ್ಮಿ ಸಾಕು, ಅದಕ್ಕೆ ಬೇಕಾದದ್ದು ಕಾಲು ವ್ಯಾಟ್. ಹೌದು, ಕಾಲೇ ಕಾಲು! ಆದರೆ ಸಿನಿಮಾದಲ್ಲಿ ಮಾತಿನ ನಡುವೆ ಬಾಗಿಲು ಬಡಿಯುತ್ತದೆ, ಒಬ್ಬ ಕಿರುಚುತ್ತಾನೆ, ಗುಂಡು ಹಾರುತ್ತದೆ. ಆ ಏರಿಕೆ 20 ಡಿಬಿ ಅಂತ ಹಿಡಿದರೆ ನೂರು ಪಟ್ಟು ಪವರ್ ಬೇಕು, ಅಂದರೆ 25 ವ್ಯಾಟ್. ರಿಸೀವರಿಗೆ ಇದು ಕಷ್ಟವೇ ಅಲ್ಲ.

ಅದೇ ಜಾಗದಲ್ಲಿ 82 ಡಿಬಿಯ ಸಣ್ಣ ಸ್ಪೀಕರ್ ಇಡಿ. ಎಂಟು ಡಿಬಿ ಕಮ್ಮಿ ಅಂದರೆ ಅದೇ ಸದ್ದಿಗೆ ಆರು ಪಟ್ಟಿಗಿಂತ ಜಾಸ್ತಿ ಪವರ್. ಮಾತಿಗೆ ಒಂದೂವರೆ ವ್ಯಾಟ್, ಏರಿಕೆಗೆ 150ಕ್ಕಿಂತ ಮೇಲೆ. ಹಳೆ ಸೆಟ್ಟಿನ ಹತ್ತಿರ ಅಷ್ಟು ಪವರ್ ಇರಲೇ ಇಲ್ಲ. ಪವರ್ ಮುಗಿದಾಗ ಆಂಪ್ ಸುಮ್ನೆ ನಿಲ್ಲುವುದಿಲ್ಲ. ಅಲೆಯ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಆಗ ಮೂಲದಲ್ಲಿ ಇಲ್ಲದ ಕೀರಲು ಸದ್ದು ಹುಟ್ಟಿ ಮಾತಿನ ಮೇಲೆ ಕೂರುತ್ತದೆ. ಸ, ಶ, ಚ, ತ, ಕ ಇಂಥ ಅಕ್ಷರಗಳು ಬಿಡಿಸಿ ಕೇಳುವುದು ಹೆಚ್ಚಾಗಿ 2 ಕಿಲೋಹರ್ಟ್ಸ್ ಮತ್ತು ಅದರ ಮೇಲಿನ ಸದ್ದಿನಿಂದ, ಅಲ್ಲೇ ಈ ಕೀರಲು ಬಂದು ಸೇರುತ್ತದೆ. ವಯಸ್ಸಾದವರ ಕಿವಿಗೆ ಮೊದಲು ಕಮ್ಮಿಯಾಗುವುದೂ ಈ ಮೇಲಿನ ಸದ್ದುಗಳೇ. ಸ್ವರ ಕೇಳುತ್ತದೆ, ವ್ಯಂಜನ ಹೋಗುತ್ತದೆ. ಅಮ್ಮ ಕೇಳುತ್ತಿದ್ದದ್ದು ಹಾಗೆ, ಯಾರೋ ಬಾಯಿಗೆ ಬಟ್ಟೆ ಹಿಡಿದು ಮಾತಾಡಿದ ಹಾಗೆ.

ಇನ್ನು ರಿಸೀವರ್. 2018ರ ಮಾಡೆಲ್. 6 ಓಮ್‌ಗೆ ಚಾನೆಲ್‌ಗೆ 70 ವ್ಯಾಟ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ, ಎರಡು ಚಾನೆಲ್ ಒಟ್ಟಿಗೆ ಓಡುವಾಗ. ಇದು ನಂಬುವ ಲೆಕ್ಕ. ಒಂದೇ ಚಾನೆಲ್, 1 ಕಿಲೋಹರ್ಟ್ಸ್, ಹತ್ತು ಪರ್ಸೆಂಟ್ ಡಿಸ್ಟಾರ್ಶನ್ (ಸದ್ದು ಕೆಡುವ ಪ್ರಮಾಣ) ಅಂತ ಬರೆದ ದೊಡ್ಡ ಅಂಕಿ ಯಾವ ಕಂಪನಿಯದ್ದೇ ಕಂಡರೂ ಅದನ್ನು ಬಿಟ್ಟು ಮುಂದಿನ ಸಾಲು ನೋಡಿ. ಐದೂ ಚಾನೆಲ್ ಒಟ್ಟಿಗೆ ಗುಡುಗಿದರೆ ಒಂದೊಂದಕ್ಕೆ 70 ಸಿಗುವುದಿಲ್ಲ, ಆದರೆ ಸಿನಿಮಾದಲ್ಲಿ ಮಾತು ಬರುವುದು ಬಹುಪಾಲು ಸೆಂಟರ್‌ನಿಂದ, ಆಗ ಉಳಿದವು ಹೆಚ್ಚು ಎಳೆಯುವುದಿಲ್ಲ. ನನಗೆ ಬೇಕಾದ 25 ವ್ಯಾಟ್ ಆರಾಮಾಗಿ ಬರುತ್ತದೆ.

ಜೋಡಿಸುವಾಗ ನಡೆದದ್ದು ಹೇಳುತ್ತೇನೆ, ನಿಮಗೂ ಬರಬಹುದು. ಇದರ ಜೊತೆ ಒಂದು ಸಣ್ಣ ಮೈಕ್ ಬರುತ್ತದೆ. ಅದನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಇಟ್ಟರೆ ವೈಪಿಎಒ ಅನ್ನುವ ವ್ಯವಸ್ಥೆ ಸ್ಪೀಕರಿನ ದೂರ, ಮಟ್ಟ ಎಲ್ಲಾ ತಾನೇ ಅಳೆಯುತ್ತದೆ. ಮೊದಲ ಸಲ ಡಿಸ್‌ಪ್ಲೇಯಲ್ಲಿ ಡಬ್ಲ್ಯೂ-1 ಅಂತ ಬಂತು. ಪುಸ್ತಕ ತೆರೆದು ನೋಡಿದರೆ ಫೇಸ್ ತಿರುಗಿದೆ ಅಂತ. ಸೆಂಟರ್‌ನ ಕೆಂಪು ಕಪ್ಪು ವೈರ್ ಅದಲು ಬದಲಾಗಿತ್ತು. ಸರಿ ಮಾಡಿದ ಕೂಡಲೇ ಟೊಳ್ಳಾಗಿದ್ದ ದನಿಗೆ ಮೈ ಬಂತು. ಹಳೆ ಕೂದಲೆಳೆ ವೈರ್ ತೆಗೆದು 1.5 ಚದರ ಮಿಲಿಮೀಟರ್ ವೈರ್ ಹಾಕಿದೆ, ಐದಾರು ಮೀಟರ್‌ಗೆ ಅಷ್ಟು ಸಾಕು.

ಆಮೇಲೆ ಸೆಟ್ಟಿಂಗ್. ಮೂರೂ ಸ್ಪೀಕರನ್ನು 'ಸ್ಮಾಲ್' ಮಾಡಿ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟೆ. ಸ್ಪೀಕರ್ ಸಣ್ಣದು ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದು ಬರೀ ಹೆಸರು. 80ಕ್ಕಿಂತ ಕೆಳಗಿನ ಗುಡುಗು ಸಬ್‌ವೂಫರ್‌ಗೆ ಹೋಗುತ್ತದೆ, ಅದಕ್ಕೆ ಅದರದ್ದೇ ಆಂಪ್ ಇದೆ. ಪವರ್ ಜಾಸ್ತಿ ತಿನ್ನುವುದು ಬಾಸ್. ಅದನ್ನು ತೆಗೆದರೆ ರಿಸೀವರಿನ ಶಕ್ತಿ ಮಾತಿಗೆ ಉಳಿಯುತ್ತದೆ. ನಂತರ ಸೆಂಟರ್ ಮಟ್ಟವನ್ನು 2 ಡಿಬಿ ಏರಿಸಿದೆ. ಡೈಲಾಗ್ ಲೆವೆಲ್ ಅಂತ 0ಯಿಂದ 3ರ ತನಕ ಒಂದು ಆಪ್ಶನ್ ಇದೆ, 1ರಲ್ಲಿ ಇಟ್ಟಿದ್ದೇನೆ, 3ಕ್ಕೆ ಹಾಕಿದರೆ ದನಿ ಮುಂದೆ ಬಂದು ತಲೆ ಮೇಲೆ ಕೂತ ಹಾಗೆ ಆಗುತ್ತದೆ, ನನಗೆ ಹಿಡಿಸಲಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಅಡಾಪ್ಟಿವ್ ಡಿಆರ್‌ಸಿ ಆನ್ ಮಾಡುತ್ತೇನೆ. ದೊಡ್ಡ ಸದ್ದು ತಗ್ಗಿ, ಪಿಸುಮಾತು ಏರುತ್ತದೆ.

ಆದರೆ ಇಷ್ಟೆಲ್ಲಾ ಮಾಡಿದ ಮೇಲೂ ಅಮ್ಮನ ಕುರ್ಚಿಯಲ್ಲಿ ಕೂತು ಕೇಳಿದಾಗ ಮಾತು ತೆಳು ಅನಿಸಿತು. ನನ್ನ ಜಾಗದಲ್ಲಿ ಚೆನ್ನಾಗಿದೆ, ಅಮ್ಮನ ಜಾಗದಲ್ಲಿ ಇಲ್ಲ! ಅಮ್ಮನ ಆರಾಮ ಕುರ್ಚಿ ಇರುವುದು ಕಿಟಕಿ ಬದಿ, ಟಿವಿಗೆ ಓರೆಯಾಗಿ. ಎರಡು ವೂಫರ್ (ತಗ್ಗು ಸದ್ದಿನ ದೊಡ್ಡ ಕೋನ್) ಅಡ್ಡಡ್ಡ ಇಟ್ಟು ನಡುವೆ ಟ್ವೀಟರ್ (ಮೇಲಿನ ಸದ್ದಿನ ಸಣ್ಣದು) ಇರುವ ಸೆಂಟರ್‌ನಲ್ಲಿ ಇದು ಆಗುತ್ತದೆ. ಬದಿಯಲ್ಲಿ ಕೂತವರಿಗೆ ಎರಡು ವೂಫರ್‌ನ ಸದ್ದು ಹಿಂದೆ ಮುಂದೆ ತಲುಪಿ ಒಂದನ್ನೊಂದು ಕಡಿಯುತ್ತದೆ. ಕುರ್ಚಿಯನ್ನು ಎರಡು ಅಡಿ ಒಳಗೆ ತಂದೆವು. ಸ್ಪೀಕರ್ ಶೋಕೇಸಿನ ಒಳಗೆ ಗೂಡಿನಲ್ಲಿ ಇತ್ತು, ಅದನ್ನು ಅಂಚಿನ ತನಕ ಮುಂದೆ ಎಳೆದು, ಬಾಗಿಲು ತಡೆಯುವ ರಬ್ಬರ್ ತುಂಡನ್ನು ಕತ್ತರಿಸಿ ಅದರ ಮುಂಭಾಗದ ಕೆಳಗೆ ಎರಡು ಬದಿಗೂ ಕೊಟ್ಟೆ. ಮೂತಿ ಮೇಲಕ್ಕೆ ಎದ್ದು ಕೂತವರ ಮುಖಕ್ಕೆ ನೇರವಾಯಿತು. ಕಾವಿ ನೆಲದ ಮೇಲೆ ಜಮಖಾನ ಹಾಸಿದೆವು, ಎದುರು ಗೋಡೆಗೆ ದಪ್ಪ ಕರ್ಟನ್. ಚಾವಡಿಯ ಮೊಳಗು ಕಮ್ಮಿಯಾಯಿತು. ರಬ್ಬರ್ ತುಂಡು ಮತ್ತು ಜಮಖಾನದಿಂದ ಆದ ವ್ಯತ್ಯಾಸ ನಾನು ಹಿಂದೆ ತಂದ ಆ ದೊಡ್ಡ ಆಂಪ್‌ನಿಂದ ಆಗಿರಲಿಲ್ಲ, ಇದನ್ನು ಮನಸಾರೆ ಹೇಳುತ್ತೇನೆ.

ಪರೀಕ್ಷೆಗೆ ಹಾಕಿದ್ದು ಒಂದು ತಾಳಮದ್ದಳೆ. ನಾವು ಕುಂಬಳೆ ಸೀಮೆಯವರು, ಅಮ್ಮ ಅರ್ಥಗಾರಿಕೆ ಕೇಳುತ್ತಲೇ ಬೆಳೆದವರು. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮುಗಿದ ಮೇಲೆ ಮಾತೇ ಎಲ್ಲಾ. ಒಂದು ಶಬ್ದ ತಪ್ಪಿದರೆ ವಾದದ ಎಳೆ ತಪ್ಪುತ್ತದೆ. ಇಲ್ಲಿ ಒಂದು ವಿಷಯ ನೆನಪಿಡಿ: ಇಂಥ ರೆಕಾರ್ಡಿಂಗ್ ಇರುವುದು ಎರಡು ಚಾನೆಲ್‌ನಲ್ಲಿ. ರಿಸೀವರ್ 'ಸ್ಟ್ರೇಟ್' ಮೋಡಿನಲ್ಲಿದ್ದರೆ ಸೆಂಟರ್ ಮೌನವಾಗಿರುತ್ತದೆ, ಸದ್ದು ಎಡ ಬಲದಲ್ಲಿ ಮಾತ್ರ. ಸರೌಂಡ್ ಡಿಕೋಡರ್ ಮೋಡಿಗೆ ಹಾಕಿದರೆ ಎರಡರಲ್ಲೂ ಸಮ ಇರುವ ಮಾತು ಸೆಂಟರ್‌ಗೆ ಬರುತ್ತದೆ. ಹಾಕಿದೆ. ಚೆಂಡೆ ಮದ್ದಳೆ ಎರಡು ಬದಿಗೆ ಹರಡಿತು, ಅರ್ಥಧಾರಿಯ ಮಾತು ನಡುವೆ ನಿಂತಿತು. ಅಮ್ಮ ಇಪ್ಪತ್ತು ನಿಮಿಷ ಏನೂ ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಈಗ ಮಾತು ಗೊತ್ತಾಗ್ತದೆ ಮಗ, ಆ ಶ್ಲೋಕ ಹೇಳಿದ್ದು ಸಹ ಗೊತ್ತಾಯ್ತು" ಅಂದರು.

ಕೊರತೆಗಳೂ ಇವೆ. ಇದು ಬರೀ 5.1, ಅಟ್ಮಾಸ್ (ಮೇಲಿನಿಂದಲೂ ಸದ್ದು ಕೇಳಿಸುವ ವ್ಯವಸ್ಥೆ) ಇಲ್ಲ. ವೈಫೈ ಇಲ್ಲ, ಬ್ಲೂಟೂತ್ ಇದೆ. ಎಚ್‌ಡಿಎಂಐ ನಾಲ್ಕು ಒಳಗೆ, ಒಂದು ಹೊರಗೆ. ದೊಡ್ಡ ಹಾಲ್ ಇದ್ದು ಐದು ಮೀಟರ್ ದೂರ ಕೂರುವವರಿಗೆ, ಅಥವಾ 84, 85 ಡಿಬಿಯ, 4 ಓಮ್‌ನ ಸ್ಪೀಕರ್ ಈಗಾಗಲೇ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. 4 ಓಮ್ ಅಂದಾಗ ಇನ್ನೊಂದು ಎಚ್ಚರಿಕೆ. ಕೆಲವು ಸ್ಪೀಕರಿಗೆ ಸೆನ್ಸಿಟಿವಿಟಿಯನ್ನು ಒಂದು ವ್ಯಾಟ್‌ಗೆ ಬದಲು 2.83 ವೋಲ್ಟ್‌ಗೆ ಅಂತ ಬರೆದಿರುತ್ತಾರೆ. 8 ಓಮ್‌ಗೆ ಅದು ಒಂದು ವ್ಯಾಟೇ, ಆದರೆ 4 ಓಮ್‌ಗೆ ಎರಡು ವ್ಯಾಟ್ ಆಗುತ್ತದೆ. ಅಲ್ಲಿ 90 ಅಂತ ಕಂಡರೆ ವ್ಯಾಟ್ ಲೆಕ್ಕದಲ್ಲಿ 87 ಅಂತ ಹಿಡಿಯಿರಿ.

ಮಳೆಗಾಲದ ವಿಷಯ ಹೇಳದಿದ್ದರೆ ನಮ್ಮ ಊರಿನವರಿಗೆ ಈ ಬರಹ ಅರ್ಧವೇ. ಆಟಿಯ ಮಳೆ ಹಂಚಿನ ಮೇಲೆ, ಅಂಗಳಕ್ಕೆ ಹಾಕಿದ ಶೀಟಿನ ಮೇಲೆ ಒಟ್ಟಿಗೆ ಹೊಡೆಯುವಾಗ ಎದುರಿನವರ ಮಾತೇ ಕೇಳುವುದಿಲ್ಲ. ಅಂಥ ರಾತ್ರಿ ಹಳೆ ಸೆಟ್ ಆಫ್ ಮಾಡಿ ಮಲಗುತ್ತಿದ್ದೆವು. ಈ ಸಲ ವಾಲ್ಯೂಮ್ 10 ಡಿಬಿ ಏರಿಸಿದೆವು, ಅಂದರೆ ಪವರ್ ಹತ್ತು ಪಟ್ಟು, ಮಾತಿಗೆ ಎರಡೂವರೆ ವ್ಯಾಟ್. ಡಿಆರ್‌ಸಿ ಆನ್ ಇಟ್ಟಿದ್ದೆವು, ದನಿ ಒಡೆಯಲಿಲ್ಲ. ಗುಡುಗು ಶುರುವಾದರೆ ಮಾತ್ರ ಪ್ಲಗ್ ಎಳೆಯುತ್ತೇನೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಹಿಂದಿನ ಎರಡು ಸರೌಂಡ್ ಸ್ಪೀಕರ್ ಇನ್ನೂ ತಂದಿಲ್ಲ, ಅಡಿಕೆ ಮಾರಿದ ಮೇಲೆ ನೋಡಬೇಕು. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯವರು ಸೆಂಟರ್ ತೆಗೆಯುವ ಯೋಚನೆಯಲ್ಲಿದ್ದರೆ, ಅಂಗಡಿಗೆ ಹೋಗುವಾಗ ನೀವು ಮನೆಯಲ್ಲಿ ದಿನಾ ಕೇಳುವ ಮಾತಿನ ರೆಕಾರ್ಡಿಂಗ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ, ಮನೆಯಲ್ಲಿ ಕಿವಿ ಮಂದ ಇರುವವರು ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ ಎದುರು ಕೂರಿಸಿ.