ಪೆನ್ ನೈಫ್ ಸೆಟ್: ಮ್ಯಾಟ್‌ಗೆ ಫುಲ್ ಮಾರ್ಕ್ಸ್, ನೈಫಿಗೆ ಜಸ್ಟ್ ಪಾಸ್

ಗೃಹಪ್ರವೇಶಕ್ಕೆ ಕೈಯಲ್ಲೇ ಕಾರ್ಡ್ ಮಾಡಿಕೊಡುವ ಹವ್ಯಾಸ ಇರುವವರು ಸಾಮಾನ್ಯವಾಗಿ ಮೊದಲು ತರಿಸುವುದು ಇಂಥದೇ ಸೆಟ್. ಪೆನ್ನಿನಂತೆ ಹಿಡಿದು ಕಾಗದ ಕತ್ತರಿಸುವ, ಅಲ್ಯೂಮಿನಿಯಂ ಹಿಡಿಯ ಪೆನ್ ನೈಫ್, ಡಬ್ಬಿ ತುಂಬ ಬ್ಲೇಡು, A3 ಅಳತೆಯ ಹಸಿರು ಕಟಿಂಗ್ ಮ್ಯಾಟ್, ಒಂದು ಸ್ಟೀಲ್ ಸ್ಕೇಲು. ಬಾಕ್ಸಿನ ಮೇಲೆ ಇರುವುದನ್ನು ನೀವೇ ಓದಿಕೊಳ್ಳಿ. ವರ್ಷಗಟ್ಟಲೆ ಬಳಸಿದ ಮೇಲೂ ಉಳಿದಿರುವ ತಕರಾರು ಒಂದೇ: ಬ್ಲೇಡು ಹಿಡಿಯುವ ಮೂತಿ ಸಡಿಲವಾಗುತ್ತದೆ.

ನೇರ ಗೆರೆ ಕತ್ತರಿಸುವಾಗ ಇದು ಗೊತ್ತೇ ಆಗುವುದಿಲ್ಲ. ಕಾಗದದ ಮಾವಿನೆಲೆ ತೋರಣಕ್ಕೆ ಕೈ ಹಾಕಿದಾಗ ಬಂಡವಾಳ ಬಯಲಾಗುತ್ತದೆ. ಎಲೆಯ ಬಾಗು ತೆಗೆಯುವಾಗ ಬೆರಳು ತಾನಾಗಿಯೇ ಹಿಡಿಯನ್ನು ಹೊರಳಿಸುತ್ತದೆ. ಬೆರಳು ಕೂರುವ ಜಾಗದಲ್ಲೇ ಮೂತಿ ಬಿಗಿಯುವ ಗೀರುಗೀರಿನ ಉಂಗುರ, ಅಂದರೆ ಕಾಲರ್ ಇದೆ. ಒಂದು ಕಡೆ ಹೊರಳಿಸಿದರೆ ಬಿಗಿಯಾಗುತ್ತದೆ, ಇನ್ನೊಂದು ಕಡೆಗೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಎಲೆಯ ಒಂದು ಮಗ್ಗುಲು ನುಣ್ಣಗೆ ಬಂದರೆ ಇನ್ನೊಂದು ಮಗ್ಗುಲು ಗರಗಸ. ಬ್ಲೇಡು ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಎಲೆಯನ್ನು ದಾರಕ್ಕೆ ಹಿಡಿದಿಟ್ಟಿರುವ ಎರಡು ಮಿಲಿಮೀಟರ್ ಕೊಂಡಿ ಕತ್ತರಿಸಿ ಹೋಗುತ್ತದೆ.

ಇಕ್ಕಳದಲ್ಲಿ ಬಿಗಿಯಲು ಹೋಗಬೇಡಿ, ಅಲ್ಯೂಮಿನಿಯಂ ಮೆದು, ಕಾಲರಿನ ಗೀರು ಸವೆದು ಆಮೇಲೆ ಕೈಗೆ ಹಿಡಿತವೇ ಸಿಗುವುದಿಲ್ಲ. ನಲ್ಲಿ ಜೋಡಿಸುವವರು ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಮೂತಿಯ ತಿರುಪಿನ ಗೆರೆಗಳ ಮೇಲೆ ಒಂದೂವರೆ ಸುತ್ತು, ಬಿಗಿಯುವ ದಿಕ್ಕಿನಲ್ಲೇ ಸುತ್ತಿ ಕೂರಿಸಿ. ಎರಡು ಸುತ್ತು ದಾಟಿದರೆ ಕಾಲರ್ ಪೂರ್ತಿ ಇಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಪರಿಹಾರ ಕೈಯಲ್ಲಿದೆ: ನೈಫನ್ನು ಹೊರಳಿಸಬೇಡಿ, ಎಡಗೈಯಿಂದ ಕಾಗದ ತಿರುಗಿಸಿ. ಬ್ಲೇಡು ಯಾವಾಗಲೂ ನಿಮ್ಮ ಕಡೆಗೇ ಬರುತ್ತಿರಬೇಕು, ಎಡಗೈ ಬೆರಳು ಅದರ ದಾರಿಯಲ್ಲಿ ಇರಬಾರದು. ಇಷ್ಟೆಲ್ಲ ಮಾಡಿದ ಮೇಲೆ ನೈಫು ಪರವಾಗಿಲ್ಲ ಎನಿಸುತ್ತದೆ. ಆದರೆ ದುಡ್ಡು ಕೊಟ್ಟು ತಂದ ವಸ್ತುವಿಗೆ ಟೇಪು ಸುತ್ತಬೇಕಾದದ್ದು ಯಾವ ನ್ಯಾಯ?

ಬ್ಲೇಡಿನ ಡಬ್ಬಿಯಲ್ಲಿ ತರಾವರಿ ಆಕಾರಗಳಿವೆ. ಕಾರ್ಡಿನ ಕೆಲಸಕ್ಕೆ ಬೇಕಾಗುವುದು ಚೂಪು ತುದಿಯ 11ನೇ ನಂಬರಿನದೊಂದೇ, ಮಿಕ್ಕವು ಡಬ್ಬಿಯಲ್ಲೇ ಮಲಗಿರುತ್ತವೆ. ಹೊಸ ಬ್ಲೇಡಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಟಿಶ್ಯೂನಲ್ಲಿ ಒರೆಸದೆ ಹಾಗೇ ಹಚ್ಚಿದರೆ ಕೆನೆಬಣ್ಣದ ಕಾಗದದ ಅಂಚಿಗೆ ಕಲೆ ಕೂರುತ್ತದೆ. ಮೊಂಡಾದದ್ದನ್ನು ಕಣ್ಣಿಗಿಂತ ಮೊದಲು ಕಾಗದ ಹೇಳುತ್ತದೆ: ಮೂಲೆಯಲ್ಲಿ ಬಿಳಿ ನಾರು ಏಳುತ್ತದೆ, ಚೂರು ಉದುರದೆ ನೇತಾಡುತ್ತದೆ. ಅದನ್ನು ಎಳೆದು ಕೀಳಬಾರದು, ಕಾಗದ ತಿರುವಿ ಹಿಂಬದಿಯಿಂದ ಮೂಲೆಗೆ ಒಂದು ಗೀರು ಕೊಡಿ. ಆಷಾಢ ಮುಗಿದು ಶ್ರಾವಣದಲ್ಲಿ ಗೃಹಪ್ರವೇಶಗಳು ಸಾಲುಗಟ್ಟುವ ಹೊತ್ತಿಗೆ ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಬ್ಲೇಡು ಆಗ ಕಾಗದವನ್ನು ಜಗ್ಗುತ್ತದೆ.

ಕಾಗದ 200ರಿಂದ 250 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಸಾಕು. 300 ತಂದರೆ ಒಂದೇ ಎಳೆತಕ್ಕೆ ತುಂಡಾಗದೆ ಎರಡು ಮೂರು ಸಲ ಎಳೆಯಬೇಕು, ಬಾಗುಗಳಲ್ಲಿ ಆ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ. A4 ಹಾಳೆಯನ್ನು ಅರ್ಧಕ್ಕೆ ಮಡಚಿದಾಗ ಬೆನ್ನು ಬಿರಿಯುತ್ತದೆ ಎಂದು ದೂರುವವರು ಬಹಳ. ಅದರ ನಾರು ಹೆಚ್ಚಾಗಿ ಉದ್ದಕ್ಕೆ ಓಡಿರುತ್ತದೆ, ನಾವು ಮಡಚುವುದು ಅಡ್ಡಕ್ಕೆ. ರೀಫಿಲ್ ಮುಗಿದ ಬಾಲ್ ಪೆನ್ನನ್ನು ಸ್ಕೇಲಿಗೆ ಒತ್ತಿ ಮೊದಲು ಗೆರೆ ಕೊರೆದು ಆಮೇಲೆ ಮಡಚಿ.

ತೋರಣ, ಕಳಶ, ಬಾಗಿಲು ಯಾವುದಿದ್ದರೂ ಒಳಗಿನ ಸಣ್ಣ ತೂತು ಮೊದಲು, ಹೊರ ಅಂಚು ಕೊನೆಗೆ. ಹೊರಗಿನದನ್ನು ಮೊದಲು ಬಿಡಿಸಿಬಿಟ್ಟರೆ ಒಳಗೆ ಒತ್ತುವಾಗ ಕಾಗದಕ್ಕೆ ಆಧಾರವಿರುವುದಿಲ್ಲ. ಚಿತ್ರವನ್ನು ಹಾಳೆಯ ಹಿಂಬದಿಗೆ ಬರೆದುಕೊಂಡರೆ ಪೆನ್ಸಿಲ್ ಗೆರೆ ಉಜ್ಜಿ ಅಳಿಸುವ ಕೆಲಸ ತಪ್ಪುತ್ತದೆ.

ಅಕ್ಷರ ಇದ್ದರೆ ಮಾತ್ರ ಅದನ್ನು ತಿರುವುಮುರುವಾಗಿ ಇಳಿಸಬೇಕು. ಅಕ್ಷರ ಕತ್ತರಿಸುವುದಂತೂ ಬೇರೆಯೇ ಪರೀಕ್ಷೆ. ದೇವನಾಗರಿಯಲ್ಲಿ ಮೇಲಿನ ಗೆರೆಯೇ ಇಡೀ ಪದವನ್ನು ಹಿಡಿದು ನಿಲ್ಲಿಸುತ್ತದೆ, ನಮ್ಮ ತಲೆಕಟ್ಟಿಗೆ ಆ ಶಕ್ತಿ ಇಲ್ಲ. ‘ಗೃಹಪ್ರವೇಶ’ ಬರೆದು ನೋಡಿ: ವಟ್ರಸುಳಿ ಬೇರೆ, ಪ್ರದ ಒತ್ತು ಬೇರೆ, ವೇಯ ದೀರ್ಘ ಬೇರೆ, ಪ್ರತಿಯೊಂದೂ ಬಿಡಿ ತುಂಡಾಗಿ ಕೈಗೆ ಬರುತ್ತದೆ. ಅಕ್ಷರವನ್ನೇ ತೂತಾಗಿ ಕತ್ತರಿಸಿದರೆ ವಕಾರದ ಹೊಟ್ಟೆ ಉದುರಿಹೋಗುತ್ತದೆ, ಅದಕ್ಕೊಂದು ಕೊಂಡಿ ಬಿಡಬೇಕು. ದಪ್ಪ ಅಕ್ಷರಗಳನ್ನು ಒಂದಕ್ಕೊಂದು ತಾಗಿಸಿ, ಕೆಳಗೆ ಹೊಸಿಲಿನಂತೆ ಒಂದು ಪಟ್ಟಿ ಕೊಟ್ಟು, ಒತ್ತುಗಳನ್ನು ಅದಕ್ಕೆ ಕೂಡಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಪುರಸೊತ್ತಿಲ್ಲದವರು ಅಕ್ಷರವನ್ನು ಪೆನ್ನಿಗೆ ಬಿಡುವುದೇ ವಾಸಿ.

ಒಳಗೆ ಮುಯ್ಯಿಗೆ ಜೇಬು ಮಾಡುವವರು ಅಳತೆ ನೋಡಿಕೊಳ್ಳಿ. ಮಡಚಿದ A4ನ ಅಗಲ 148.5 ಮಿ.ಮೀ., ಐನೂರರ ನೋಟು 150. ಒಂದೂವರೆ ಮಿಲಿಮೀಟರಿಗೆ ನೋಟು ಹೊರಗೆ ಇಣುಕಿ ಕವರಿನಲ್ಲಿ ಮುದುಡುತ್ತದೆ. ಅದನ್ನು ನಿಲ್ಲಿಸಿಯೇ ಇಡಬೇಕು: ಜೇಬು ಒಳಗೆ 72 ಮಿ.ಮೀ. ಅಗಲ, 100 ಆಳ. ಮೇಲಿನ ಒಂದು ರೂಪಾಯಿ ನಾಣ್ಯವನ್ನು ತೋರಣದ ನೇರ ಹಿಂದೆ ಅಂಟಿಸಬೇಡಿ, ಒತ್ತಿದಾಗ ಎಲೆಗಳು ಮುರಿಯುತ್ತವೆ. ಮಡಿಕೆಯ ಹತ್ತಿರ ಕೆಳಗಿರಲಿ. ಕತ್ತರಿಸಿದ ಪದರಕ್ಕೆ ಬಿಳಿ ಗೋಂದು ಬಳಿದರೆ ನೀರಿಗೆ ಸುರುಟುತ್ತದೆ. ಟೂತ್‌ಪಿಕ್ ತುದಿಯಲ್ಲಿ ಚುಕ್ಕೆ ಚುಕ್ಕೆ ಇಡಿ, ಇಲ್ಲವೇ ಡಬಲ್ ಟೇಪು.

ಇನ್ನು ಮ್ಯಾಟ್. ಇದರ ಬಗ್ಗೆ ಏನೂ ನಿರೀಕ್ಷೆ ಇರಲಿಲ್ಲ, ಕೊನೆಗೆ ಸೆಟ್ಟಿನ ಮಾನ ಉಳಿಸಿದ್ದು ಇದೇ. ಗೀರುಗಳು ಮುಚ್ಚಿಕೊಳ್ಳುತ್ತವೆ, ಬ್ಲೇಡು ಹಳೆಯ ಗೀರಿಗೆ ಜಾರುವುದಿಲ್ಲ. ಕೆಲಸ ಮುಗಿದ ಮೇಲೆ ಗೀರಿನಲ್ಲಿ ಸಿಕ್ಕ ಕಾಗದದ ನಾರನ್ನು ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸುವುದೇ ಒಂದು ಸುಖ. ಬಿಸಿಲಿಗೆ, ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅಂಚು ಎದ್ದು ಹಪ್ಪಳವಾಗುತ್ತದೆ, ಮತ್ತೆ ಸರಿಹೋಗುವುದು ಕಷ್ಟ. ಮಂಚದ ಕೆಳಗೆ ಮಟ್ಟಸವಾಗಿ ಇಡಿ.

ವರ್ಷಕ್ಕೆ ನಾಲ್ಕೈದು ಕಾರ್ಡ್ ಮಾಡುವವರಿಗೆ ಟೇಪು ಸುತ್ತಿದ ಈ ನೈಫೇ ಧಾರಾಳ. ತೋರಣ, ಜಾಲಂಧ್ರದಂಥ ಸೂಕ್ಷ್ಮ ಕೆಲಸ ಹೆಚ್ಚಿದ್ದವರು ಸೆಟ್ ಬಿಟ್ಟು ಮ್ಯಾಟ್ ಒಂದನ್ನೇ ಕೊಳ್ಳಿ. ನೈಫನ್ನು ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಿ, ಬೆರಳು ಕೂರುವ ಜಾಗದಲ್ಲಿ ಕಾಲರ್ ಇರದೆ ಹಿಂದಿನ ತುದಿಯಿಂದ ಬಿಗಿಯುವಂಥದು ಸಿಕ್ಕರೆ ಬೆಲೆ ಸ್ವಲ್ಪ ಜಾಸ್ತಿಯಾದರೂ ಬಿಡಬೇಡಿ. 11ನೇ ನಂಬರಿನ ಬ್ಲೇಡು ಅದಕ್ಕೂ ಕೂರುತ್ತದೆಯೇ ಎಂದು ಅಲ್ಲೇ ಹಾಕಿಸಿ ನೋಡಿ.