ಅಮೆರಿಕದಿಂದ ಪೇಟೆಂಟ್ ಪತ್ರ ಬಂದರೆ ಗಾಬರಿಯಲ್ಲಿ ದುಡ್ಡು ಕಟ್ಟಬೇಡಿ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಗ್ರಾಹಕರಿಗೆ ಆ್ಯಪ್ ಮಾರುವ ಸಣ್ಣ ಕಂಪನಿಯವರು ದಯವಿಟ್ಟು ಇದನ್ನು ಓದಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಿಮ್ಮ ಆ್ಯಪ್ ನಮ್ಮ ಕಕ್ಷಿದಾರರ ಪೇಟೆಂಟ್ ಉಲ್ಲಂಘಿಸಿದೆ, ದುಡ್ಡು ಕಟ್ಟಿ ಅಂತ ಅಮೆರಿಕದ ವಕೀಲರೊಬ್ಬರ ಕಚೇರಿಯಿಂದ ಮೇಲ್ ಬಂತು. ಜೊತೆಗೆ ಕ್ಲೇಮ್ ಚಾರ್ಟ್ ಅನ್ನೋ ಪಟ್ಟಿ. ಎಡಗಡೆ ಪೇಟೆಂಟ್‌ನ ಒಂದೊಂದು ಸಾಲು, ಬಲಗಡೆ ನಮ್ಮದೇ ಆ್ಯಪ್‌ನ ಸ್ಕ್ರೀನ್‌ಶಾಟ್. ನಮ್ಮ ತಂಡ ಕಷ್ಟಪಟ್ಟು ಮಾಡಿದ ನೋಟಿಫಿಕೇಶನ್ ಬಟನ್ ಸುತ್ತ ಕೆಂಪು ಚೌಕ. ಪತ್ರ ಬರೆಸಿದ ಕಂಪನಿ ಸ್ವತಃ ಒಂದೂ ಆ್ಯಪ್ ಮಾಡಿದ್ದಲ್ಲ, ಅದರ ಕೈಲಿದ್ದದ್ದು ಪೇಟೆಂಟ್ ಮಾತ್ರ. ಕೇಳಿದ ಮೊತ್ತವೂ ಲೆಕ್ಕ ಹಾಕಿ ಕೇಳಿದ್ದೇ. ಕೋರ್ಟಿಗೆ ಹೋದರೆ ಆಗುವ ಖರ್ಚಿಗಿಂತ ತುಂಬಾ ಕಡಿಮೆ.

ಸಲಹೆಗಾರರೊಬ್ಬರು "ಕೊಟ್ಟು ಕೈ ತೊಳ್ಕೊಳ್ಳಿ" ಅಂದರು. ಮಾಲೀಕರು ಕೊಟ್ಟರು. ಮರುವರ್ಷ ಅದೇ ವಕೀಲರು ಬೇರೆ ಕಂಪನಿಯ ಹೆಸರಲ್ಲಿ, ಬೇರೆ ಪೇಟೆಂಟ್ ಹಿಡಿದುಕೊಂಡು ಬಂದರು. ಒಪ್ಪಂದ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಒಂದೇ ಒಂದು ಪೇಟೆಂಟ್ ನಂಬರ್. ಯಾರಿಗೆ, ಎಷ್ಟು ಕೊಟ್ಟೆವು ಅಂತ ಹೇಳಬಾರದು ಅನ್ನೋ ಷರತ್ತು ಬೇರೆ. ಹಾಗಾಗಿ ಇಲ್ಲಿ ಹೆಸರು ಹಾಕಿಲ್ಲ. ಹೊಸಬರನ್ನು ಕೆಲಸಕ್ಕೆ ತಗೊಳ್ಳೋಕೆ ಇಟ್ಟಿದ್ದ ದುಡ್ಡೆಲ್ಲ ಇದಕ್ಕೇ ಹೋಯಿತು. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಇದು ಹೊಸ ಆಟವಲ್ಲ. 2011ರಲ್ಲಿ ಲಾಡ್‌ಸಿಸ್ ಅನ್ನೋ ಕಂಪನಿ ಆ್ಯಪ್ ಒಳಗಿನ ಖರೀದಿ ಬಟನ್ ಹಿಡಿದು ಸಣ್ಣಪುಟ್ಟ ಐಫೋನ್ ಡೆವಲಪರ್‌ಗಳಿಗೆ ಪತ್ರ ಬರೆಯಿತು. ಅಮೆರಿಕದ ಆದಾಯದಲ್ಲಿ ಶೇ 0.575 ಕೊಡಿ ಅಂತ ಕೇಳಿತು. ಆ ಪೇಟೆಂಟ್‌ಗೆ ತನ್ನ ಬಳಿ ಲೈಸೆನ್ಸ್ ಇದೆ, ಅದು ಡೆವಲಪರ್‌ಗಳಿಗೂ ಸಲ್ಲುತ್ತದೆ ಅಂತ ಆಪಲ್ ವಾದಿಸಿತು. ಆದರೂ ತುಂಬಾ ಜನ ರಾಜಿಯಾದರು. ಆದರೆ ಲಾಡ್‌ಸಿಸ್ ಕೇಸ್ ಹಾಕಿದ್ದ ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಬಗ್ಗಲಿಲ್ಲ. 2013ರಲ್ಲಿ ವಿಚಾರಣೆ ಹತ್ತಿರ ಬಂದಾಗ ಲಾಡ್‌ಸಿಸ್ಸೇ ಕೇಸ್ ಕೈಬಿಟ್ಟಿತು.

ಹಾಗಾಗಿ ಮೊದಲು ನೋಡಬೇಕಾದ್ದು, ಅವರು ಗುರುತು ಹಾಕಿದ ಭಾಗ ನಿಮ್ಮ ಕೋಡೋ, ಆಪಲ್ ಅಥವಾ ಗೂಗಲ್ ಕೊಟ್ಟ ಸೌಲಭ್ಯವೋ ಅಂತ. ಆಮೇಲೆ ಗೂಗಲ್ ಪೇಟೆಂಟ್ಸ್ ಅನ್ನೋ ವೆಬ್‌ಸೈಟಿನಲ್ಲಿ ಪೇಟೆಂಟ್ ನಂಬರ್ ಹಾಕಿ, ಅದು ಇನ್ನೂ ಜೀವಂತ ಇದೆಯಾ ನೋಡಿ. ಪೇಟೆಂಟ್ ಅವಧಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ನಡುವೆ ಶುಲ್ಕ ಕಟ್ಟದಿದ್ದರೆ ಮೊದಲೇ ಸತ್ತುಹೋಗುತ್ತದೆ. ಆದರೆ ಮುಗಿದ ಪೇಟೆಂಟ್ ಅಂತ ಸುಮ್ನೆ ಕೂರಬೇಡಿ. ಅದು ಜೀವಂತ ಇದ್ದಾಗಿನ ಉಲ್ಲಂಘನೆಗೆ ಹಿಂದಿನ 6 ವರ್ಷದವರೆಗಿನ ಪರಿಹಾರ ಕೇಳಬಹುದು.

"ನಮ್ಮಲ್ಲಿ ಬರೀ ಸಾಫ್ಟ್‌ವೇರ್‌ಗೆ ಪೇಟೆಂಟ್ ಕೊಡಲ್ಲ ಅಲ್ವಾ?" ಅಂತ ನಮ್ಮ ಆಫೀಸಿನಲ್ಲೂ ಕೇಳಿದರು. ಹಾಗೆ ಹೇಳುವ 3(ಕೆ) ಕಲಂ ಭಾರತದ ಪೇಟೆಂಟ್ ಕಾಯ್ದೆಯಲ್ಲಿ ಇರೋದು ನಿಜ. ಆದರೆ ಅಮೆರಿಕದಲ್ಲಿ ಮಾರಿದರೆ ಅಲ್ಲಿನ ಕಾನೂನೇ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ನಮಗೆ ಸಿಗುವ ದೊಡ್ಡ ಆಯುಧ ಅಮೆರಿಕದ ಸುಪ್ರೀಂ ಕೋರ್ಟಿನ 2014ರ ಆಲಿಸ್ ತೀರ್ಪು. ಹಳೇ ವಿಚಾರವನ್ನೇ "ಕಂಪ್ಯೂಟರಿನಲ್ಲಿ ಮಾಡುವುದು" ಅಂದ ಮಾತ್ರಕ್ಕೆ ಪೇಟೆಂಟ್ ನಿಲ್ಲುವುದಿಲ್ಲ. ಖರ್ಚು ಏರುವ ಮೊದಲೇ, ಇದೇ ಆಧಾರದ ಮೇಲೆ ಕೇಸ್ ವಜಾ ಮಾಡಿ ಅಂತ ಕೇಳಬಹುದು. ಆ ಪೇಟೆಂಟ್ ಕೊಟ್ಟದ್ದೇ ಸರಿಯಾ ಅಂತ ಅಮೆರಿಕದ ಪೇಟೆಂಟ್ ಕಚೇರಿಯಲ್ಲೇ ಪ್ರಶ್ನಿಸುವ ಐಪಿಆರ್ (ಇಂಟರ್ ಪಾರ್ಟೀಸ್ ರಿವ್ಯೂ) ದಾರಿಯೂ ಇದೆ. ಅದಕ್ಕೆ ದಾವೆ ಕೈಸೇರಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಶುಲ್ಕವೇ ಹತ್ತಾರು ಸಾವಿರ ಡಾಲರ್, ಸಣ್ಣವರಿಗೆ ಒಬ್ಬರೇ ಹೊರೋದು ಕಷ್ಟ.

ಇಲ್ಲಿನ ಬಹಳ ಸ್ಟಾರ್ಟಪ್‌ಗಳು ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಂದಣಿ ಆಗಿರುತ್ತವೆ. ಅಂಥ ಕಂಪನಿಯನ್ನು ಪೇಟೆಂಟ್‌ನವರು ತಮಗೆ ಬೇಕಾದ ಊರಿನ ಕೋರ್ಟಿಗೆ ಎಳೆಯೋ ಹಾಗಿಲ್ಲ ಅಂತ ಅದೇ ಸುಪ್ರೀಂ ಕೋರ್ಟಿನ 2017ರ ಟಿಸಿ ಹಾರ್ಟ್‌ಲ್ಯಾಂಡ್ ತೀರ್ಪು ಹೇಳುತ್ತದೆ. ಭಾರತದಲ್ಲಿ ಮಾತ್ರ ನೋಂದಣಿ ಆದ ಕಂಪನಿಗೆ ಈ ರಕ್ಷಣೆ ಇಲ್ಲ.

ಬರೀ ಪತ್ರ ಬೇರೆ, ಕೋರ್ಟ್ ಸಮನ್ಸ್ ಬೇರೆ. ಸಮನ್ಸ್ ಜಾರಿಯಾದರೆ ಸಾಮಾನ್ಯವಾಗಿ 21 ದಿನದಲ್ಲಿ ಉತ್ತರ ಕೊಡಬೇಕು. ಸುಮ್ಮನಿದ್ದರೆ ತೀರ್ಪು ನಿಮ್ಮ ವಿರುದ್ಧವೇ ಆಗಬಹುದು. ಪತ್ರ ಬಂದ ದಿನದಿಂದ ಯಾವ ಮೇಲ್ ಕೂಡ ಅಳಿಸಬೇಡಿ. ಆಫೀಸಿನ ಚಾಟ್‌ನಲ್ಲಿ "ಹೌದಲ್ಲ, ನಮ್ಮದೂ ಹೀಗೇ ಇದೆ" ಅಂತೆಲ್ಲ ಬರೆಯಬೇಡಿ, ಅದನ್ನೆಲ್ಲ ಕೋರ್ಟಿನಲ್ಲಿ ಹೊರಗೆ ತೆಗೆಸುತ್ತಾರೆ.

ಕೊನೆಗೆ ರಾಜಿಯೇ ಆಗಬೇಕಾಗಿ ಬಂದರೆ ಅವರ ಸಂಬಂಧಿತ ಕಂಪನಿಗಳ ಎಲ್ಲ ಪೇಟೆಂಟ್‌ಗಳೂ ಒಪ್ಪಂದದಲ್ಲಿ ಸೇರಿರಬೇಕು. ಸಹಿ ಹಾಕುವ ಮೊದಲು, ಅದೇ ಪೇಟೆಂಟ್‌ನಲ್ಲಿ ಇನ್ಯಾರ ಮೇಲೆ ಕೇಸ್ ಹಾಕಿದ್ದಾರೆ ಅಂತ ವಕೀಲರಿಂದ ಹುಡುಕಿಸಿ. ಹಾಗೆ ಕೇಸ್ ಎದುರಿಸುತ್ತಿರುವವರ ಜೊತೆ ಸೇರಿ ಹೋರಾಡಿದರೆ ವಕೀಲರ ಖರ್ಚು ಹಂಚಿಹೋಗುತ್ತದೆ.