ಮನೆ ಕಂಪ್ಯೂಟರ್‌ಗೆ ಡಿಫೆಂಡರ್, ಅವಾಸ್ಟ್, ಕ್ವಿಕ್ ಹೀಲ್: ಯಾರಿಗೆ ಯಾವುದು?

ಅಪ್ಪನ ಲ್ಯಾಪ್‌ಟಾಪ್‌ಗೆ ಯಾವ ಆ್ಯಂಟಿವೈರಸ್ ಹಾಕಲಿ ಅಂತ ಕೇಳಿದ್ದೀರಿ. ಮೊದಲು ದುಡ್ಡಿನ ಮಾತು. ಡಿಫೆಂಡರ್ ವಿಂಡೋಸ್ 10, 11ರ ಜೊತೆಗೇ ಬರುತ್ತದೆ, ಪೈಸೆ ಖರ್ಚಿಲ್ಲ. ಅವಾಸ್ಟ್‌ನಲ್ಲೂ ಉಚಿತ ಆವೃತ್ತಿ ಇದೆ. ಪುಣೆಯ ಕ್ವಿಕ್ ಹೀಲ್‌ಗೆ ದುಡ್ಡು ಕೊಡಬೇಕು, ಅವಧಿ ಮುಗಿದರೆ ಮತ್ತೆ ಕೊಡಬೇಕು.

ಬಳಸೋದಕ್ಕೆ ಡಿಫೆಂಡರ್ ಸುಲಭ. ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗುತ್ತದೆ. ಉಚಿತ ಅವಾಸ್ಟ್ 'ಅಪ್‌ಗ್ರೇಡ್ ಮಾಡಿ' ಅಂತ ಆಗಾಗ ಕೇಳುತ್ತದೆ. ಹಿರಿಯರಿಗೆ ಇದರಿಂದ ಗಾಬರಿ ಜಾಸ್ತಿ. ಗ್ರಾಹಕರ ಬ್ರೌಸಿಂಗ್ ಮಾಹಿತಿ ಮಾರಿದ್ದಕ್ಕೆ 2024ರಲ್ಲಿ ಅಮೆರಿಕದಲ್ಲಿ ಅವಾಸ್ಟ್ 1.65 ಕೋಟಿ ಡಾಲರ್ ಕಟ್ಟಬೇಕಾಯಿತು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಪೆನ್‌ಡ್ರೈವ್ ವಿಷಯಕ್ಕೆ ಬನ್ನಿ. ಜೆರಾಕ್ಸ್ ಅಂಗಡಿಯಲ್ಲಿ ಹತ್ತಾರು ಜನರ ಪೆನ್‌ಡ್ರೈವ್ ಒಂದೇ ಕಂಪ್ಯೂಟರ್‌ಗೆ ಚುಚ್ಚುತ್ತಾರೆ, ಅಲ್ವಾ? ಮನೆಗೆ ತಂದಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ತೆರೆಯಿರಿ. ಇದು ಮರೆತುಹೋಗುವ ಮನೆಯಾದರೆ ಕ್ವಿಕ್ ಹೀಲ್ ವಾಸಿ. ಪೆನ್‌ಡ್ರೈವ್ ಹಾಕಿದ ಕೂಡಲೇ ಸ್ಕ್ಯಾನ್ ಆಗುವಂತೆ ಅದರಲ್ಲಿ ಹೊಂದಿಸಬಹುದು.

ಅಪ್ಪ ಬರೀ ಬ್ಯಾಂಕು, ಇಮೇಲು, ಯೂಟ್ಯೂಬ್ ನೋಡುವುದಾದರೆ ಡಿಫೆಂಡರ್ ಸಾಕು. ಡಿಫೆಂಡರ್ ಬಿಟ್ಟು ಬೇರೆ ಬೇಕು, ಆದರೆ ದುಡ್ಡು ಕೊಡೋದು ಬೇಡ ಅನ್ನುವವರು ಅವಾಸ್ಟ್ ನೋಡಬಹುದು. ಎರಡು ಆ್ಯಂಟಿವೈರಸ್ ಒಟ್ಟಿಗೆ ಮಾತ್ರ ಹಾಕಬೇಡಿ, ಕಂಪ್ಯೂಟರ್ ನಿಧಾನವಾಗುತ್ತದೆ. ಇನ್ನೂ ವಿಂಡೋಸ್ 10 ಇದ್ದರೆ ಮೊದಲು ಅದನ್ನು ನೋಡಿ. ಅದರ ಸಾಮಾನ್ಯ ಬೆಂಬಲ, ಅಂದರೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಎಂದಿನ ಸುರಕ್ಷತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.